ಹಳೇ ಐ7 ತಗೊಳ್ಳಲಾ, ಹೊಸ ಐ3 ತಗೊಳ್ಳಲಾ? ಡೆಸ್ಕ್‌ಟಾಪ್ ಕೊಳ್ಳುವ ಮುಂಚೆ ನಿಮ್ಮ ಸಲಹೆ ಬೇಕು

ಅಕ್ಷರಮನೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷಕ್ಕೂ ಜಾಸ್ತಿ ದುಡಿದ ನನ್ನ ಡೆಸ್ಕ್‌ಟಾಪ್ ಹೋದ ವಾರ ಪೂರ್ತಿ ಮಲಗಿಬಿಟ್ಟಿತು. ಮದರ್‌ಬೋರ್ಡ್ ಹೋಗಿದೆ, ಇದಕ್ಕೆ ದುಡ್ಡು ಹಾಕಬೇಡಿ ಎಂದರು ನೋಡಿದವರು.

ನನ್ನದು ಪುಸ್ತಕದ ಪುಟವಿನ್ಯಾಸದ ಕೆಲಸ. ಜೊತೆಗೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪುಟ ಶುಚಿ ಮಾಡಿ, ಚಿತ್ರದಲ್ಲಿನ ಅಕ್ಷರ ಓದುವ ಓಸಿಆರ್‌ಗೆ ಹಾಕುತ್ತೇನೆ. ವಾರಕ್ಕೆ ಒಂದೆರಡು ಪಾಠದ ವಿಡಿಯೋ ಎಡಿಟ್ ಮಾಡುವುದೂ ಇದೆ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ಯಾವಾಗಲೂ ತೆರೆದೇ ಇರುತ್ತವೆ. ಗೇಮ್ ಆಡುವುದಿಲ್ಲ.

ಈಗ ಎದುರಿಗೆ ಎರಡು ದಾರಿ ಇವೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಮೊದಲನೆಯದು ಆಫೀಸಿನಿಂದ ಹೊರಬಂದ ರಿಫರ್ಬಿಶ್ಡ್ (ಹಳೆಯದನ್ನು ಸರಿಮಾಡಿ ಮಾರುವ) ಪಿಸಿ: ಐ7-7700 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಎರಡನೆಯದು ಹೊಸದಾಗಿ ಜೋಡಿಸಿಕೊಡುವ ಐ3-12100, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಕಾಗದದ ಮೇಲೆ ನೋಡಿದರೆ ಐ7 ಪಿಸಿಯೇ ದೊಡ್ಡದು ಅನಿಸುತ್ತದೆ. ನನ್ನ ಮನಸ್ಸೂ ಆ ಕಡೆಗೇ ಎಳೆಯುತ್ತಿದೆ. ತಿಳಿದವರು ದಯವಿಟ್ಟು ಹೇಳಿ. ಇನ್ನೊಂದು ಐದಾರು ವರ್ಷ ಇದರಲ್ಲೇ ಕೆಲಸ ಮಾಡಬೇಕು.

ಬೆಸುಗೆ

ಅಕ್ಕಾ, ಒಳ್ಳೆಯದಾಯಿತು, ದುಡ್ಡು ಕೊಡುವ ಮುಂಚೆ ಕೇಳಿದಿರಿ. ನಾನು ಪಿಸಿ ರಿಪೇರಿ ಮಾಡುವವನು. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಕೊಂಡ ಮೇಲೆ ಕೇಳುತ್ತಾರೆ.

ಮೊದಲು ಇಂಟೆಲ್ ಪ್ರೊಸೆಸರ್‌ಗಳ ಐ3, ಐ5, ಐ7 ಅನ್ನುವುದನ್ನು ಒಂದು ನಿಮಿಷ ಮರೆತುಬಿಡಿ. ಅದು ಆಯಾ ವರ್ಷದ ತರಗತಿಯೊಳಗಿನ ರ‍್ಯಾಂಕ್ ಮಾತ್ರ. ಯಾವ ವರ್ಷದ ತರಗತಿ ಅನ್ನುವುದು ಅದರ ಮುಂದಿನ ಅಂಕಿಯಲ್ಲಿದೆ. 7700 ಅಂದರೆ 7ನೇ ಜನರೇಷನ್, 2017ರ ಜನವರಿಯದ್ದು. 12100 ಅಂದರೆ 12ನೇ ಜನರೇಷನ್, 2022ರ ಜನವರಿಯದ್ದು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐ7-7700ರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ಹಿಡಿಯುವ ಕೆಲಸದ ಎಳೆ), ಜಾಸ್ತಿ ಅಂದರೆ 4.2 ಗಿಗಾಹರ್ಟ್ಸ್, 8 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ). ಐ3-12100ರಲ್ಲೂ 4 ಕೋರ್, 8 ಥ್ರೆಡ್, 4.3 ಗಿಗಾಹರ್ಟ್ಸ್, ಕ್ಯಾಶ್ 12 ಎಂಬಿ. ಎರಡೂ ಒಂದೇ ತರಹ ಕಾಣುತ್ತವೆ, ಅಲ್ವಾ? ಆದರೆ ಒಂದೇ ಕೋರ್ ದುಡಿಯುವ ಕೆಲಸದಲ್ಲಿ ಐ3 ಶೇಕಡಾ 40ರ ಆಸುಪಾಸು ಮುಂದೆ ಹೋಗುತ್ತದೆ. ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಹೆಜ್ಜೆ ಅನ್ನುವ ಲೆಕ್ಕ. ಒಂದು ಹೆಜ್ಜೆಯಲ್ಲಿ ಎಷ್ಟು ದೂರ ಹೋಗುತ್ತದೆ ಅನ್ನುವುದು ಕೋರಿನ ವಿನ್ಯಾಸದ ಮೇಲೆ ನಿಂತಿದೆ. ಆ ವಿನ್ಯಾಸವೇ 12ನೇ ಜನರೇಷನ್‌ನಲ್ಲಿ ಬದಲಾಗಿದ್ದು.

ಪುಟವಿನ್ಯಾಸದವರಿಗೆ ಇದು ನೇರವಾಗಿ ತಟ್ಟುತ್ತದೆ. ನಡುವೆ ಒಂದು ಪ್ಯಾರಾ ಸೇರಿಸಿದಾಗ ಮುಂದಿನ ಪುಟಗಳೆಲ್ಲ ಸರಿಯುತ್ತವಲ್ಲ, ಆ ಕೆಲಸ ಬಹುತೇಕ ಒಂದೇ ಕೋರಿನ ಮೇಲೆ ಬೀಳುತ್ತದೆ.

ತಂಪುನೆಲ

ನಾನು ಒಪ್ಪುವುದಿಲ್ಲ, ಕ್ಷಮಿಸಿ. ನನ್ನದು ಐ5-4590, ಅಂದರೆ 2014ರದು. ಎಸ್‌ಎಸ್‌ಡಿ ಹಾಕಿದೆ, 16 ಜಿಬಿ ರ‍್ಯಾಮ್ ಮಾಡಿಸಿದೆ, ಲಿನಕ್ಸ್ ಮಿಂಟ್ ಹಾಕಿಕೊಂಡೆ. ಲೆಕ್ಕಪತ್ರ, ಟೈಪಿಂಗ್, ಬ್ರೌಸಿಂಗ್ ಎಲ್ಲ ಸಲೀಸಾಗಿ ನಡೆಯುತ್ತಿದೆ. ಹೊಸದು, ಹೊಸದು ಅಂತ ಎಲ್ಲರೂ ಓಡಿದರೆ ಚೆನ್ನಾಗಿ ಕೆಲಸ ಮಾಡುವ ಯಂತ್ರಗಳೆಲ್ಲ ಕಸದ ರಾಶಿಗೆ ಹೋಗುತ್ತವೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ.

ಅಕ್ಷರಮನೆಯವರೇ, 7700 ಕೆಟ್ಟ ಪ್ರೊಸೆಸರ್ ಅಲ್ಲವೇ ಅಲ್ಲ. 16 ಜಿಬಿ ರ‍್ಯಾಮ್ ಬರುತ್ತಿದೆ ಅನ್ನುವುದನ್ನೂ ಮರೆಯಬೇಡಿ. ಮೂವತ್ತು ಟ್ಯಾಬ್ ತೆರೆದಿಟ್ಟರೆ 8 ಜಿಬಿಯ ಹೊಸ ಪಿಸಿಗಿಂತ 16 ಜಿಬಿಯ ಹಳೇ ಪಿಸಿಯೇ ಹಗುರಾಗಿ ಓಡುತ್ತದೆ.

ಬೆಸುಗೆ

ತಂಪುನೆಲ ಸರ್, ರ‍್ಯಾಮ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. 8 ಜಿಬಿ ಯಾರಿಗೂ ಬೇಡ. ಆದರೆ ರ‍್ಯಾಮ್ ಇನ್ನೊಂದು ಕಡ್ಡಿ ಹಾಕಿದರೆ ಮುಗಿಯಿತು. ಪ್ರೊಸೆಸರ್ ಹಾಗಲ್ಲ. 7700ರ ಬೋರ್ಡಿನಲ್ಲಿ 7700ಕೆ ಬಿಟ್ಟರೆ ಅದರಿಂದ ಮೇಲೆ ಏನೂ ಕೂರುವುದಿಲ್ಲ. ಆ ದಾರಿ ಅಲ್ಲಿಗೇ ಮುಗಿಯುತ್ತದೆ.

12100 ಕೂರುವ ಎಲ್‌ಜಿಎ 1700 ಸಾಕೆಟ್‌ನಲ್ಲಿ 12, 13, 14 ಮೂರೂ ಜನರೇಷನ್ ಕೂರುತ್ತವೆ. ಬಯೋಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಬೇಕು, ಅಷ್ಟೇ. ಮೂರು ವರ್ಷದ ಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಐ5 ತಂದು ಅದೇ ಬೋರ್ಡಿನಲ್ಲಿ ಕೂರಿಸಬಹುದು. ನಾವು ಕೊಳ್ಳುವುದು ಬರೀ ಪ್ರೊಸೆಸರ್ ಅಲ್ಲ. ಅದರ ಜೊತೆಗೆ ಬೋರ್ಡು, ರ‍್ಯಾಮಿನ ಜಾತಿ, ಮುಂದಿನ ದಾರಿ ಎಲ್ಲ ಬರುತ್ತವೆ.

ಇನ್ನೊಂದು ಮಾತು. ನನ್ನ ಮೇಜಿನ ಮೇಲೆ ಸತ್ತ ಪ್ರೊಸೆಸರ್ ಬರುವುದು ಬಹಳ ಅಪರೂಪ. ಬರುವುದೆಲ್ಲ ಬೋರ್ಡು ಮತ್ತು ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಡಬ್ಬ). ಕೆಪಾಸಿಟರ್‌ಗೆ ವಯಸ್ಸಾಗುತ್ತದೆ, ಫ್ಯಾನ್ ಬೇರಿಂಗ್ ಸವೆಯುತ್ತದೆ. 7ನೇ ಜನರೇಷನ್ನಿನ ಬೋರ್ಡ್ ಹೋದರೆ ಅಂಥದ್ದೇ ಇನ್ನೊಂದನ್ನು ಹುಡುಕಬೇಕು. ಸಿಗುವುದೂ ಅಷ್ಟೇ ಹಳೆಯದೇ. ಅಕ್ಕನ ಪಿಸಿಗೆ ಈಗ ಆಗಿರುವುದೂ ಅದೇ ಅಲ್ವಾ?

ಹೊಸಹೆಜ್ಜೆ

ಸಾಕೆಟ್ ಅಂದಿದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ಬೇರೆಯವರಿಗೆ ಹೀಗಾಗಬಾರದು.

ನನ್ನ ಹತ್ತಿರ 7ನೇ ಜನರೇಷನ್ನಿನ ಬೋರ್ಡ್ ಇತ್ತು, ಎಲ್‌ಜಿಎ 1151. ಒಂದು ಐ5-8400 ಸಿಕ್ಕಿತು, ಅದೂ ಎಲ್‌ಜಿಎ 1151. ಹೆಸರು ಒಂದೇ ಇದೆಯಲ್ಲ ಅಂತ ಕೊಂಡುಬಿಟ್ಟೆ. ಸಾಕೆಟ್‌ನಲ್ಲಿ ಸರಿಯಾಗಿ ಕೂತಿತು. ಲಿವರ್ ಒತ್ತಿ, ಪೇಸ್ಟ್ ಹಚ್ಚಿ, ಕೂಲರ್ ಬಿಗಿದೆ. ಪವರ್ ಕೊಟ್ಟರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ರಾತ್ರಿ ಒಂದು ಗಂಟೆವರೆಗೂ ರ‍್ಯಾಮ್ ಕಿತ್ತು ಹಾಕಿ, ಕಿತ್ತು ಹಾಕಿ ನೋಡಿದೆ. ಬೆಳಿಗ್ಗೆ ಓದಿದ ಮೇಲೆ ಗೊತ್ತಾಯಿತು: 8 ಮತ್ತು 9ನೇ ಜನರೇಷನ್‌ಗೆ 300 ಸರಣಿಯ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್) ಇರುವ ಬೋರ್ಡೇ ಬೇಕು. ರಂಧ್ರ ಒಂದೇ ಆದರೂ ಒಳಗಿನ ವೈರಿಂಗ್ ಬೇರೆ.

ಸಾಕೆಟ್ ಹೆಸರು ನೋಡಿ ಸುಮ್ನೆ ಕೊಳ್ಳಬೇಡಿ. ಬೋರ್ಡ್ ತಯಾರಿಸಿದವರ ಸೈಟಿನಲ್ಲಿ ಪ್ರೊಸೆಸರ್ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಪ್ರೊಸೆಸರ್ ಹೆಸರು, ಅದಕ್ಕೆ ಯಾವ ಬಯೋಸ್ ಆವೃತ್ತಿ ಬೇಕು, ಎರಡನ್ನೂ ನೋಡಿ.

ಕತ್ತರಿ

ನಾನು ವಿಡಿಯೋ ಎಡಿಟರ್. ಆ ಕಡೆಯಿಂದ ಎರಡು ಮಾತು.

ಎಡಿಟಿಂಗ್‌ನಲ್ಲಿ ಕೋರ್ ಎಷ್ಟು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಗ್ರಾಫಿಕ್ಸ್ ಭಾಗದಲ್ಲಿ ಕುಗ್ಗಿಸಿಟ್ಟ ಯಾವ ವಿಡಿಯೋ ಬಗೆಯನ್ನು ಬಿಡಿಸುವ (ಡಿಕೋಡ್ ಮಾಡುವ) ಯಂತ್ರಾಂಶ ಇದೆ ಅನ್ನುವುದು. 7700ರ ಒಳಗಿನ ಗ್ರಾಫಿಕ್ಸ್ 10 ಬಿಟ್ ಎಚ್‌ಇವಿಸಿ ಅನ್ನುವ ಬಗೆಯನ್ನು ಬಿಡಿಸುತ್ತದೆ. ಫೋನಿನಲ್ಲಿ ತೆಗೆದ ಸಾಮಾನ್ಯ ವಿಡಿಯೋಗೆ ಅದು ಸಾಕು. ಆದರೆ ಎವಿ1 ಅನ್ನುವ ಹೊಸ ಬಗೆಯನ್ನು ಬಿಡಿಸುವ ಶಕ್ತಿ ಇಂಟೆಲ್ ಡೆಸ್ಕ್‌ಟಾಪ್‌ಗೆ ಬಂದಿದ್ದು 11ನೇ ಜನರೇಷನ್‌ನಿಂದ. ಯೂಟ್ಯೂಬ್ ಈಗ ಬಹಳಷ್ಟು ವಿಡಿಯೋಗಳನ್ನು ಎವಿ1ನಲ್ಲೇ ಕಳಿಸುತ್ತದೆ. ಹಳೇ ಪ್ರೊಸೆಸರ್‌ನಲ್ಲಿ ಆ ಕೆಲಸವೆಲ್ಲ ಕೋರ್‌ಗಳ ತಲೆ ಮೇಲೆ ಬೀಳುತ್ತದೆ. 4ಕೆ ಹಾಕಿದರೆ ಫ್ಯಾನ್ ಏರುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಒಳ್ಳೆಯ ಕ್ಯಾಮೆರಾಗಳು ಕೊಡುವ 4:2:2 10 ಬಿಟ್ ಎಚ್‌ಇವಿಸಿ (ಬಣ್ಣದ ವಿವರ ಹೆಚ್ಚಿರುವ ಬಗೆ) ಕೂಡ 11ನೇ ಜನರೇಷನ್‌ನಿಂದಲೇ. ಮೊದಲು ನನ್ನ ಹತ್ತಿರ ಹಳೇ ಐ7 ಇತ್ತು. ಟೈಮ್‌ಲೈನ್ ಎಳೆದರೆ ಚಿತ್ರ ಎರಡು ಸೆಕೆಂಡ್ ತಡವಾಗಿ ಬರುತ್ತಿತ್ತು. ಪ್ರತಿ ತುಣುಕಿಗೂ ಪ್ರಾಕ್ಸಿ (ಎಡಿಟ್ ಮಾಡಲು ಹಗುರ ಪ್ರತಿ) ಮಾಡಿಕೊಂಡು ಕೂರಬೇಕಿತ್ತು. ಈಗ 12400ರಲ್ಲಿ ಬೆರಳು ಎಳೆದ ಹಾಗೆ ಚಿತ್ರ ಓಡುತ್ತದೆ.

ಎಚ್ಚರ: ಹೆಸರಿನ ಕೊನೆಗೆ ‘ಎಫ್’ ಇರುವುದನ್ನು ತಗೊಳ್ಳಬೇಡಿ. 12100ಎಫ್, 12400ಎಫ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯೇ ಬರುವುದಿಲ್ಲ.

ಅಕ್ಷರಮನೆ

ಎಷ್ಟೊಂದು ವಿಷಯ! ಎಲ್ಲರಿಗೂ ಧನ್ಯವಾದ. ಐ7 ಅನ್ನುವ ಒಂದು ಅಕ್ಷರ, ಒಂದು ಅಂಕಿಗೆ ನಾನು ಮರುಳಾಗಿದ್ದೆ.

ಹಾಗಾದರೆ ಜನರೇಷನ್ ಹೊಸದಾದಷ್ಟೂ ಒಳ್ಳೆಯದು ಅಂತಲೇ? ಐ3-14100 ಅಂತಲೂ ಒಂದು ಇದೆಯಂತೆ. 12ಕ್ಕಿಂತ 14 ಎರಡು ಮೆಟ್ಟಿಲು ಮೇಲಲ್ವಾ? ಅದನ್ನೇ ತಗೊಳ್ಳಲಾ?

ಬೆಸುಗೆ

ಒಳ್ಳೆಯ ಪ್ರಶ್ನೆ ಅಕ್ಕಾ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇಲ್ಲ.

ಇಂಟೆಲ್ ಡೆಸ್ಕ್‌ಟಾಪ್ ಕಡೆ ನೋಡಿ. 2015ರ 6ನೇ ಜನರೇಷನ್‌ನಿಂದ 2020ರ 10ನೇ ಜನರೇಷನ್‌ವರೆಗೆ ಕೋರಿನ ವಿನ್ಯಾಸ ಹೆಚ್ಚುಕಡಿಮೆ ಒಂದೇ. 14 ನ್ಯಾನೋಮೀಟರ್ ತಯಾರಿಕೆಯೂ ಅದೇ. ಬದಲಾಗಿದ್ದು ಕೋರ್‌ಗಳ ಸಂಖ್ಯೆ ಮತ್ತು ವೇಗ. 7ರಿಂದ 8ಕ್ಕೆ ಬಂದಾಗ ಐ5ರಲ್ಲಿ 4 ಇದ್ದ ಕೋರ್ 6 ಆಯಿತು, ಅದು ದೊಡ್ಡ ಮೆಟ್ಟಿಲು. 2020ರ ಐ3-10100 ಅನ್ನು 2017ರ ಐ7-7700ರ ಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದೇ 4 ಕೋರ್, 8 ಥ್ರೆಡ್. ಮೂರು ವರ್ಷದಲ್ಲಿ ಐ7 ಇಳಿದು ಐ3 ಆಯಿತು.

11ರಿಂದ 12ಕ್ಕೆ ಇನ್ನೂ ದೊಡ್ಡ ಮೆಟ್ಟಿಲು. ಅಲ್ಲಿಂದ ಮುಂದೆ ಐ3 ಮಟ್ಟಿಗೆ ನೆಲ ಬಹುತೇಕ ಸಮತಟ್ಟು. 12100, 13100, 14100 ಮೂರರಲ್ಲೂ ಅದೇ 4 ಕೋರ್, ಅದೇ 12 ಎಂಬಿ ಕ್ಯಾಶ್. ವೇಗ ಮಾತ್ರ 4.3, 4.5, 4.7 ಗಿಗಾಹರ್ಟ್ಸ್. ಬೆಲೆ ಒಂದೇ ಇದ್ದರೆ 14100 ತಗೊಳ್ಳಿ. ಹೆಚ್ಚಿಗೆ ಕೊಡಬೇಕಾದರೆ ಬೇಡ, ಆ ದುಡ್ಡು ರ‍್ಯಾಮಿಗೆ ಹಾಕಿ.

ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ ಕಡೆಯೂ ಇದೇ ಕಥೆ. ರೈಜನ್ 5 4500 ಮಾರುಕಟ್ಟೆಗೆ ಬಂದಿದ್ದು 2022ರ ಏಪ್ರಿಲ್‌ನಲ್ಲಿ. ಅದರ ಕೋರ್ ಮಾತ್ರ 2019ರ ಝೆನ್ 2 ವಿನ್ಯಾಸದ್ದು. ಅದೇ ಏಪ್ರಿಲ್‌ನಲ್ಲಿ ಬಂದ ರೈಜನ್ 5 5600ರಲ್ಲಿ ಝೆನ್ 3 ಕೋರ್, 32 ಎಂಬಿ ಕ್ಯಾಶ್. 4500ರಲ್ಲಿ ಕ್ಯಾಶ್ 8 ಎಂಬಿ. ಪೆಟ್ಟಿಗೆಯ ಮೇಲೆ ಎರಡರಲ್ಲೂ 6 ಕೋರ್, 12 ಥ್ರೆಡ್ ಅಂತಲೇ ಇರುತ್ತದೆ. ಬಿಡುಗಡೆಯ ದಿನಾಂಕ ನೋಡಿದರೆ ಸಾಲದು, ಒಳಗಿನ ಕೋರ್ ಯಾವುದು ಅಂತ ನೋಡಬೇಕು.

ತಂಪುನೆಲ

ಇದು ನನಗೂ ಹೊಸ ವಿಷಯ. ಸರಿ, ವೇಗದ ಮಾತು ಒಪ್ಪಿದೆ. ಆದರೂ 7700 ಅಷ್ಟು ಬೇಗ ಬಿಟ್ಟುಬಿಡುವಂಥದ್ದೇ?

ಹೊಸಹೆಜ್ಜೆ

ವಿಂಡೋಸ್ ವಿಷಯ ಯಾರೂ ಎತ್ತಲಿಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಪಟ್ಟಿ ಇಂಟೆಲ್‌ನಲ್ಲಿ 8ನೇ ಜನರೇಷನ್‌ನಿಂದ ಶುರುವಾಗುತ್ತದೆ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. 7700 ಆ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಡ್ಡದಾರಿಯಿಂದ 11 ಹಾಕುವವರಿದ್ದಾರೆ. ಮಾರುವವರೂ ಎಷ್ಟೋ ಸಲ ಹಾಗೆ ಹಾಕಿಯೇ ಕೊಡುತ್ತಾರೆ. ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ದಿನವೂ ಗಡುವಿನ ಮೇಲೆ ಕೆಲಸ ಮಾಡುವವರು ಅಂಥ ಪಿಸಿಯನ್ನು ನಂಬಿಕೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ತಂಪುನೆಲ

ಲಿನಕ್ಸ್‌ಗೆ ಆ ತೊಂದರೆ ಇಲ್ಲ. ಆದರೆ ಅಕ್ಷರಮನೆಯವರ ಪುಟವಿನ್ಯಾಸದ ತಂತ್ರಾಂಶ ವಿಂಡೋಸ್‌ನಲ್ಲೇ ಓಡುವಂಥದ್ದಾದರೆ ಇದು ಗಟ್ಟಿ ಕಾರಣವೇ. ಅವರಿಗೆ 7700 ಬೇಡ ಅನ್ನುವುದನ್ನು ಈಗ ನಾನೂ ಒಪ್ಪುತ್ತೇನೆ. ಟೈಪಿಂಗ್, ಬ್ರೌಸಿಂಗ್ ಮಾತ್ರ ಇರುವವರು ಲಿನಕ್ಸ್ ಹಾಕಿಕೊಂಡು ಕಡಿಮೆ ಬೆಲೆಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಲಿ. ಐ3ರ ಬೆಲೆಗೇ ಅಂದರೆ ಬೇಡ.

ಬೆಸುಗೆ

ಆಫೀಸ್ ಪಿಸಿಗಳದ್ದು ಇನ್ನೊಂದು ಸಂಗತಿ. ಚಿಕ್ಕ ಡಬ್ಬದ ಪಿಸಿಗಳಲ್ಲಿ ಎಸ್‌ಎಂಪಿಎಸ್ಸಿನ ಆಕಾರವೂ ಬೇರೆ, ಅದರ ಕನೆಕ್ಟರೂ ಬೇರೆ. ಮಾಮೂಲಿ 24 ಪಿನ್ನಿನ ಬದಲು ಕಂಪನಿಯದ್ದೇ ಆದ ಕನೆಕ್ಟರ್ ಇರುತ್ತದೆ. ಎಸ್‌ಎಂಪಿಎಸ್ ಹೋದರೆ ಮಾಮೂಲಿಯದನ್ನು ತಂದು ಹಾಕುವ ಹಾಗಿಲ್ಲ. ಬೋರ್ಡ್ ಹೋದರೆ ಆ ಡಬ್ಬಕ್ಕೆ ಬೇರೆ ಬೋರ್ಡ್ ಕೂರುವುದಿಲ್ಲ.

ಈಗ ಅಕ್ಕನಿಗೆ ಒಂದು ಕೆಲಸ. ನಿಮ್ಮ ಹಳೇ ಪಿಸಿಯ ಪಕ್ಕದ ಬಾಗಿಲು ತೆಗೆದು ನೋಡಿ. ಎಸ್‌ಎಸ್‌ಡಿ ಇದೆಯೇ? ರ‍್ಯಾಮ್ ಕಡ್ಡಿಯ ಚೀಟಿಯ ಮೇಲೆ ಏನು ಬರೆದಿದೆ? ಕ್ಯಾಬಿನೆಟ್ ಎಷ್ಟು ದೊಡ್ಡದು? ಅದರಲ್ಲಿ ಎಷ್ಟು ಉಳಿಸಬಹುದೋ ಅಷ್ಟು ದುಡ್ಡು ಪ್ರೊಸೆಸರ್ ಕಡೆ ಹೋಗುತ್ತದೆ.

ಅಕ್ಷರಮನೆ

ಸ್ವಿಚ್ ತೆಗೆದು, ಪ್ಲಗ್ ಕಿತ್ತು, ಬಾಗಿಲು ಬಿಚ್ಚಿದೆ. ಒಳಗೆ ಬೆರಳು ದಪ್ಪದ ಧೂಳು. ರ‍್ಯಾಮ್ ಚೀಟಿಯ ಮೇಲೆ ‘ಪಿಸಿ3-12800’ ಅಂತ ಇದೆ, ತಲಾ 4 ಜಿಬಿಯ ಎರಡು ಕಡ್ಡಿ. ಎರಡು ವರ್ಷದ ಹಿಂದೆ ಹಾಕಿಸಿದ 500 ಜಿಬಿ ಸಾಟಾ ಎಸ್‌ಎಸ್‌ಡಿ ಇದೆ. ಎಸ್‌ಎಂಪಿಎಸ್ ಮೊದಲಿಂದ ಇದ್ದದ್ದೇ. ಕ್ಯಾಬಿನೆಟ್ ಮಾಮೂಲಿ ದೊಡ್ಡದು, ಚೆನ್ನಾಗಿದೆ.

ಬೆಸುಗೆ

‘ಪಿಸಿ3’ ಅಂದರೆ ಡಿಡಿಆರ್3, ಹಳೇ ಬಗೆಯ ರ‍್ಯಾಮ್. ಅದು ಹೊಸ ಬೋರ್ಡಿಗೆ ಬರುವುದಿಲ್ಲ. ಕಡ್ಡಿಯ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒತ್ತಿದರೂ ಕೂರುವುದಿಲ್ಲ. ಎಸ್‌ಎಂಪಿಎಸ್ ಹತ್ತು ವರ್ಷದ್ದು, ದಯವಿಟ್ಟು ಅದನ್ನು ಉಳಿಸಬೇಡಿ. ಹೊಸ ಬೋರ್ಡಿಗೆ ಹಳೇ ಎಸ್‌ಎಂಪಿಎಸ್ ಜೋಡಿಸಿ ಎರಡನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ.

ಎಸ್‌ಎಸ್‌ಡಿ, ಕ್ಯಾಬಿನೆಟ್ ಉಳಿಯುತ್ತವೆ. ಹಾಗಾಗಿ ಹೊಸ ಪಿಸಿಯ ಲೆಕ್ಕದಿಂದ ಆ ಎರಡನ್ನೂ ತೆಗೆಸಿ. ಉಳಿದ ದುಡ್ಡಿನಲ್ಲಿ ಐ3 ಬದಲು ಐ5-12400 ಆಗುತ್ತದೆಯೇ ಕೇಳಿ. 6 ಕೋರ್, 12 ಥ್ರೆಡ್, 18 ಎಂಬಿ ಕ್ಯಾಶ್. ಓಸಿಆರ್ ಹಲವು ಪುಟಗಳನ್ನು ಒಟ್ಟಿಗೆ ಹಿಡಿದು ಓದುವಾಗ ಆ ಎರಡು ಕೋರ್ ಕೆಲಸಕ್ಕೆ ಬರುತ್ತವೆ. ಬೋರ್ಡ್ ಡಿಡಿಆರ್4ದ್ದೇ ಇರಲಿ. 12ನೇ ಜನರೇಷನ್‌ಗೆ ಡಿಡಿಆರ್4, ಡಿಡಿಆರ್5 ಎರಡು ಬಗೆಯ ಬೋರ್ಡೂ ಇವೆ. ನಿಮ್ಮ ಕೆಲಸಕ್ಕೆ ಡಿಡಿಆರ್5ರಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ತಗೊಳ್ಳಿ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಎರಡು ಕಡ್ಡಿಯಿಂದ ಎರಡು ಚಾನೆಲ್ (ಮಾಹಿತಿ ಹರಿಯುವ ದಾರಿ) ಸಿಕ್ಕರೆ ಅದಕ್ಕೆ ಉಸಿರು.

ಕತ್ತರಿ

ಅಣ್ಣಾ, ಎಎಂಡಿ ಯಾಕೆ ಬೇಡ? ಎಎಂಡಿಯ ಎಎಂ4 ಸಾಕೆಟ್ ಇರುವ ಬೋರ್ಡುಗಳು ಎಷ್ಟು ವರ್ಷ ಬಾಳಿದವು! 2017ರ ಎಷ್ಟೋ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿ 5000 ಸರಣಿಯ ಪ್ರೊಸೆಸರ್ ಕೂರಿಸಿದರು.

ಬೆಸುಗೆ

ಬೇಡ ಅಂತಲ್ಲ. ಆ ವಿಷಯದಲ್ಲಿ ಎಎಂಡಿಯನ್ನು ಮೆಚ್ಚಲೇಬೇಕು. ಅಕ್ಕನಿಗೆ ಹೇಳದೇ ಇದ್ದದ್ದು ಗ್ರಾಫಿಕ್ಸ್ ಕಾರಣಕ್ಕೆ. ರೈಜನ್ 5 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕು. 5600ಜಿಯಲ್ಲಿ ಇದೆ, ಆದರೆ ಅದಕ್ಕೆ ಎವಿ1 ಬಿಡಿಸಲು ಬರುವುದಿಲ್ಲ. 7000 ಸರಣಿಗೆ ಹೋದರೆ ಎರಡೂ ಸಿಗುತ್ತವೆ. ಆದರೆ ಅದಕ್ಕೆ ಬೇಕಾದ ಎಎಂ5 ಬೋರ್ಡಿಗೆ ಡಿಡಿಆರ್5 ಬಿಟ್ಟು ಬೇರೆ ಆಗುವುದಿಲ್ಲ, ಲೆಕ್ಕ ಮೇಲೇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ 5600 ಇವತ್ತಿಗೂ ಕಣ್ಣುಮುಚ್ಚಿ ಹೇಳುತ್ತೇನೆ.

ಸೆಕೆಂಡ್‌ಹ್ಯಾಂಡ್‌ನಲ್ಲಿ 13, 14ನೇ ಜನರೇಷನ್ನಿನ ಐ7, ಐ9 ಹುಡುಕುವವರಿಗೂ ಒಂದು ಮಾತು. ಅವುಗಳಲ್ಲಿ ಕೆಲವಕ್ಕೆ ಬೇಡದಷ್ಟು ವೋಲ್ಟೇಜ್ ಹೋಗಿ ಹಾಳಾಗುತ್ತಿದ್ದವು. 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದೆ. ಆದರೆ ಆಗಲೇ ಪೆಟ್ಟು ತಿಂದ ಚಿಪ್ ಅದರಿಂದ ಸರಿಹೋಗುವುದಿಲ್ಲ. ವಾರಂಟಿ ಉಳಿದಿದ್ದರೆ ಮಾತ್ರ ಕೊಳ್ಳಿ. 12ನೇ ಜನರೇಷನ್‌ಗೆ ಈ ತೊಂದರೆ ಇಲ್ಲ.

ಮಳೆಹನಿ

ನಡುವೆ ಬಂದೆ, ಕ್ಷಮಿಸಿ. ನನ್ನದು ಐ5-10400, 16 ಜಿಬಿ. ಇದನ್ನೆಲ್ಲ ಓದಿ ನಾನೂ ಬದಲಾಯಿಸಬೇಕಾ ಅನಿಸುತ್ತಿದೆ. ಕೋಡಿಂಗ್ ಕಲಿಯುತ್ತಿದ್ದೇನೆ.

ತಂಪುನೆಲ

ಬೇಡ ಮಾರಾಯರೇ! 6 ಕೋರ್ ಇದೆ, ವಿಂಡೋಸ್ 11 ಪಟ್ಟಿಯಲ್ಲೂ ಇದೆ. ಕೆಲಸದ ಮಧ್ಯೆ ಎಲ್ಲಾದರೂ ಕಾಯಬೇಕಾಗುತ್ತಿದೆಯೇ? ಇಲ್ಲ ಅಂದರೆ ಸುಮ್ನೆ ಇರಿ, ಚೆನ್ನಾಗಿ ಕಲಿಯಿರಿ.

ಅಕ್ಷರಮನೆ

ಹತ್ತು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಐ5-12400, ಡಿಡಿಆರ್4 ಬೋರ್ಡ್, 8 ಜಿಬಿಯ ಎರಡು ಕಡ್ಡಿ, ಹೊಸ ಎಸ್‌ಎಂಪಿಎಸ್. ಕ್ಯಾಬಿನೆಟ್, ಎಸ್‌ಎಸ್‌ಡಿ ಹಳೆಯವೇ. ಮೊದಲು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಆಯಿತು, ಬೇಸರವಿಲ್ಲ.

ನಿನ್ನೆ ಅಡಿಟಿಪ್ಪಣಿ ತುಂಬಿದ ಮುನ್ನೂರು ಪುಟದ ಒಂದು ಪುಸ್ತಕ ತೆರೆದು, ಮೂರನೇ ಪುಟದಲ್ಲಿ ಒಂದು ಸಾಲು ಸೇರಿಸಿದೆ. ಮೊದಲೆಲ್ಲ ಹಾಗೆ ಮಾಡಿದರೆ ಕೈ ಕಟ್ಟಿ ಕೂತು ಪುಟಗಳು ಸರಿಯುವುದನ್ನು ನೋಡಬೇಕಿತ್ತು. ಈಗ ನಾನು ಮುಂದಿನ ಪದ ಟೈಪ್ ಮಾಡುವಷ್ಟರಲ್ಲಿ ಎಲ್ಲ ಸರಿದು ಕೂತಿತ್ತು.

ಒಂದೇ ಸಂದೇಹ. ರ‍್ಯಾಮ್ ಪೆಟ್ಟಿಗೆಯ ಮೇಲೆ 3200 ಅಂತ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 2666 ತೋರಿಸುತ್ತಿದೆ. ಮೋಸ ಹೋದೆನಾ?

ಬೆಸುಗೆ

ಇಲ್ಲ ಅಕ್ಕಾ, ಮೋಸ ಏನೂ ಆಗಿಲ್ಲ. ಕೆಲವು ಕಡ್ಡಿಗಳು ಮೊದಲ ಸಲ ಕಡಿಮೆ ವೇಗದಲ್ಲೇ ಎದ್ದೇಳುತ್ತವೆ. ಪಿಸಿ ಶುರುವಾಗುವಾಗ ಡಿಲೀಟ್ ಕೀ ಒತ್ತುತ್ತಾ ಇರಿ, ಬಯೋಸ್ ಬರುತ್ತದೆ. ಅಲ್ಲಿ ಮೆಮೊರಿ ಭಾಗದಲ್ಲಿ ‘ಎಕ್ಸ್‌ಎಂಪಿ’ ಅಂತ ಇರುತ್ತದೆ, ಕಡ್ಡಿಯ ಪೂರ್ತಿ ವೇಗದ ಸೆಟ್ಟಿಂಗ್ ಅದು. ಅದನ್ನು ಆನ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. 12400 ಡಿಡಿಆರ್4ರಲ್ಲಿ 3200ರವರೆಗೆ ಅಧಿಕೃತವಾಗಿಯೇ ಹೋಗುತ್ತದೆ, ಹೆದರಬೇಡಿ.

ಅಕ್ಷರಮನೆ

ಮಾಡಿದೆ ಅಣ್ಣಾ. ಒಂದು ಸಲ ಪರದೆ ಕಪ್ಪಾಗಿ ತಾನಾಗಿಯೇ ರೀಸ್ಟಾರ್ಟ್ ಆಯಿತು, ಎದೆ ಧಸಕ್ ಅಂದಿತು. ಈಗ 3200 ತೋರಿಸುತ್ತಿದೆ.